ಬಾತ ಕಾಲಿನ ನಿದಾನ



ಕಾವ್ಯ, ಶಾಸನ, ಸಂಗೀತ, ಯಕ್ಷಗಾನಗಳನ್ನು ಕುರಿತ ಉಪನ್ಯಾಸಗಳಿಗೆ ಒಗ್ಗಿದ ಈ ವೇದಿಕೆಯಲ್ಲಿ, ಬಾತು ನೋಯುತ್ತಿರುವ ಕಾಲೊಂದನ್ನು ವಿಷಯವಾಗಿಟ್ಟುಕೊಂಡು ಮಾತನಾಡುವುದು ಉಚಿತವೆ ಎಂಬ ಶಂಕೆ ನನ್ನನ್ನು ಕೆಲವು ದಿನ ಕಾಡಿತು. ಕನ್ನಡಿಗರಾದ ನಮ್ಮ ಜನ ಈ ಮುಂಬಯಿ ಮಹಾನಗರದಲ್ಲಿ ಬೇರೂರಿದ ಬಗೆಯನ್ನು ನೆನೆದಾಗ ಆ ಶಂಕೆ ತಾನಾಗಿ ಕಳೆಯಿತು. ತುಳುನಾಡಿನಿಂದಲೂ ಉತ್ತರ ಕನ್ನಡದಿಂದಲೂ ಬಯಲುಸೀಮೆಯಿಂದಲೂ ಇಲ್ಲಿಗೆ ಬಂದವರಲ್ಲಿ ಬಹುಮಂದಿ ತಮ್ಮೊಡನೆ ತಂದ ಬಂಡವಾಳವೆಂದರೆ ಎರಡು ಕೈ, ಎರಡು ಕಾಲು, ಅಷ್ಟೆ. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳಲ್ಲಿ ಬಾಳೆಯೆಲೆಯ ಮುಂದೆ ಕುಳಿತು ತೃಪ್ತರಾಗಿ ಎದ್ದವರು ಎಷ್ಟು ಮಂದಿ ಎಂಬುದನ್ನು ಯಾರಾದರೂ ಅಂದಾಜು ಮಾಡಿಯಾರು. ಆದರೆ ಈ ನಗರದ ಅಂಥ ನೂರಾರು ಮನೆಗಳಲ್ಲಿ ಬಡಿಸುತ್ತ, ಕಾವಲಿಯ ಮೇಲೆ ಹಿಟ್ಟು ಹುಯ್ಯುತ್ತ, ಪಾತ್ರೆ ಬೆಳಗುತ್ತ ಹಗಲೆಲ್ಲ ನಿಂತು, ಇರುಳಿನಲ್ಲಿ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತವರ ಕಾಲುಗಳು ಹೊತ್ತ ಭಾರವನ್ನು ಅಳೆದವರಿಲ್ಲ. ಆ ಕಾಲುಗಳಿಗೆ ಸಲ್ಲತಕ್ಕ ಋಣದ ಅಲ್ಪಭಾಗವೆಂದು ಈ ಉಪನ್ಯಾಸವನ್ನು ತಾವು ಸ್ವೀಕರಿಸಬೇಕಾಗಿ ಬೇಡುತ್ತೇನೆ.

ರೋಗದ ಮೂಲವನ್ನು ಅರಸಿ ಕಂಡುಕೊಳ್ಳುವ ವಿದ್ಯೆಗೆ ನಮ್ಮ ಪ್ರಾಚೀನ ವೈದ್ಯಗ್ರಂಥಗಳು ‘ನಿದಾನ’ವೆಂದು ಹೆಸರಿಟ್ಟಿವೆ. ಕಾಲು ಬಾತಾಗ ಆ ಬಾವಿನ ನಿದಾನಕ್ಕೆ ಶ್ರವಣಾತೀತ ಧ್ವನಿ, ಎಂದರೆ ನಮ್ಮ ಊರಿನ ಆಡುಮಾತಿನ ಸೋನೋಗ್ರಫಿ, ಹೇಗೆ ಒದಗಿಬಂದಿತು, ಅದು ಏನನ್ನು ಕಾಣಬಲ್ಲುದು, ಏನನ್ನು ಕಾಣಲಾರದು, ಅದು ಬಡವನ ಕಾಲನ್ನು ಹೊತ್ತಿಗೆ ಸರಿಯಾಗಿ ಮುಟ್ಟುವಂತಾಗಲು ನಾವು ಮಾಡತಕ್ಕದ್ದೇನು ಎಂಬಿವೇ ಈ ಹೊತ್ತಿನ ನನ್ನ ಮಾತಿನ ಮೇರೆಗಳು.

1

ಸುಮಾರು ನಲವತ್ತು ವರ್ಷಗಳ ಹಿಂದೆ, ನಾನು ಈ ವೃತ್ತಿಗೆ ಹೊಸಬನಾಗಿದ್ದಾಗ, ಉಪನಗರವೊಂದರಲ್ಲಿದ್ದ ನನ್ನ ಚಿಕ್ಕ ಔಷಧಶಾಲೆಗೆ ಮೂವತ್ತರ ಆಸುಪಾಸಿನ ಒಬ್ಬ ಬಾಣಸಿಗನು ಗೆಳೆಯರಿಬ್ಬರ ಹೆಗಲನ್ನು ಆಸರೆ ಹಿಡಿದು ಬಂದನು. ಕೊಂಕಣ ರೈಲು ಇನ್ನೂ ಹುಟ್ಟದಿದ್ದ ಕಾಲ. ಊರಿನ ಕೋಲ ಮುಗಿಸಿಕೊಂಡು, ಒಂದು ಹಗಲು ಒಂದು ಇರುಳು ಬಸ್ಸಿನ ಇಕ್ಕಟ್ಟಾದ ಆಸನದಲ್ಲಿ ಮೊಣಕಾಲು ಮಡಿಸಿ ಕುಳಿತು ಬಂದವನಿಗೆ ಎಡಗಾಲಿನ ಮೀನಖಂಡ ಬಿಗಿದು, ಬಾವು ತೊಡೆಯವರೆಗೂ ಏರಿತ್ತು. ಕರಾವಳಿಯವನ ಕಾಲು ಬಾತರೆ ಅದು ಆನೆಕಾಲೇ ಸರಿ ಎಂಬುದು ಆ ಗೆಳೆಯರ ತೀರ್ಮಾನವಾಗಿತ್ತು; ವಿಚಾರ ಮಾಡಬೇಕಾಗಿದ್ದ ನಾನೂ ರೂಢಿಯ ಮಾತಿಗೆ ತಲೆಬಾಗಿ ಆನೆಕಾಲಿನ ಗುಳಿಗೆಗಳನ್ನೇ ಬರೆದುಕೊಟ್ಟೆನು. ಹತ್ತು ಹನ್ನೆರಡು ಮಂದಿ ಒಟ್ಟಿಗೆ ಮಲಗುತ್ತಿದ್ದ ಅವರ ಕೋಣೆಯಲ್ಲಿ, ನೋವನ್ನು ನೋಡಲಾರದ ಆ ಗೆಳೆಯರು ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಪಾದದಿಂದ ತೊಡೆಯವರೆಗೆ ಎರಡು ರಾತ್ರಿ ಒತ್ತಿ ಒತ್ತಿ ತಿಕ್ಕಿದರು. ಮೂರನೆಯ ಬೆಳಗ್ಗೆ ಆತನು ಎದ್ದು ನಾಲ್ಕು ಹೆಜ್ಜೆ ನಡೆದು, ಉಸಿರು ಸಿಕ್ಕಿಕೊಂಡಂತಾಗಿ ಕುಸಿದನು. ಆಸ್ಪತ್ರೆಯ ಬಾಗಿಲನ್ನು ತಲುಪುವಾಗ ಜೀವವಿರಲಿಲ್ಲ. ಕಾಲಿನ ಆಳದ ನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತವು ಅಲ್ಲಿಂದ ಕಳಚಿ, ಹೃದಯದ ಬಲಭಾಗವನ್ನು ದಾಟಿ, ಶ್ವಾಸಕೋಶದ ಹೆದ್ದಾರಿಯಂಥ ರಕ್ತನಾಳವನ್ನು ಮುಚ್ಚಿಬಿಟ್ಟಿದ್ದಿತೆಂದು ಶವಪರೀಕ್ಷೆ ತಿಳಿಸಿತು.

ಆ ಗೆಳೆಯರದು ಪ್ರೀತಿ, ಅದರಲ್ಲಿ ದೋಷವಿಲ್ಲ. ಹೆಸರನ್ನು ಅರಿಯದೆ ರೋಗಕ್ಕೆ ಹೆಸರಿಟ್ಟ ದೋಷ ನನ್ನದು. ಅಂದಿನಿಂದ ಬಾತ ಕಾಲು ಎದುರಿಗೆ ಬಂದಾಗಲೆಲ್ಲ ಆ ಬಾಣಸಿಗನ ಮುಖ ನನ್ನ ಕಣ್ಣಮುಂದೆ ನಿಲ್ಲುತ್ತದೆ. ಇಂದು ತಮ್ಮ ಮುಂದೆ ನಿಂತಿರುವುದೂ ಆ ಮುಖದ ಪ್ರೇರಣೆಯಿಂದಲೇ.

2

ಹೃದಯದಿಂದ ಹೊರಟ ರಕ್ತವು ಪಾದಕ್ಕೆ ಇಳಿಯುವುದು ಸುಲಭ. ಪಾದದಿಂದ ಹೃದಯಕ್ಕೆ ಮರಳಿ ಏರುವುದು ಕಷ್ಟ. ಏರುವ ಈ ದಾರಿಯಾದ ಅಭಿಧಮನಿಗಳ ಗೋಡೆ ತೆಳುವಾದದ್ದು, ಮೃದುವಾದದ್ದು. ಅವುಗಳಲ್ಲಿ ಅಪಧಮನಿಗಳಲ್ಲಿರುವ ಮಿಡಿತವಿಲ್ಲ, ಒತ್ತಡವೂ ಅಲ್ಪ. ಈ ಕೊರತೆಯನ್ನು ಪ್ರಕೃತಿ ಎರಡು ಉಪಾಯಗಳಿಂದ ತುಂಬಿದೆ. ನಾಳದ ಒಳಗೆ ಮೇಲ್ಮುಖವಾಗಿ ಮಾತ್ರ ತೆರೆಯತಕ್ಕ ಕವಾಟಗಳಿರುವುದು ಒಂದು. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಆ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುವುದು ಇನ್ನೊಂದು. ಈ ಕವಾಟಗಳನ್ನು ಇಟಲಿಯ ಪಡುವಾ ನಗರದ ಫಾಬ್ರಿಷಿಯಸನು 1603ರಲ್ಲಿ ಚಿತ್ರಸಹಿತವಾಗಿ ವರ್ಣಿಸಿದನು. ಆತನ ಶಿಷ್ಯನಾದ ವಿಲಿಯಂ ಹಾರ್ವೆಯು ಕವಾಟಗಳು ಒಂದೇ ದಿಕ್ಕಿಗೆ ತೆರೆಯುವುದರ ಅರ್ಥವನ್ನು ಬಿಡಿಸಿ, ರಕ್ತವು ದೇಹದಲ್ಲಿ ಚಕ್ರಾಕಾರವಾಗಿ ಸಂಚರಿಸುತ್ತದೆಂಬ ಸಿದ್ಧಾಂತವನ್ನು 1628ರ ತನ್ನ ಗ್ರಂಥದಲ್ಲಿ ಸ್ಥಾಪಿಸಿದನು. ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ ರಕ್ತ ಯಾವ ಕಡೆಗೆ ಸರಿಯುತ್ತದೆಂದು ನೋಡುವುದು ಹಾರ್ವೆಯ ಪ್ರಸಿದ್ಧ ಪ್ರಯೋಗ. ಬೆರಳಿನಿಂದ ಒತ್ತಿ ನೋಡುವ ಈ ಸರಳ ಕ್ರಿಯೆಯನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೊಮ್ಮೆ ಬರಲಿದೆ.

ನಡೆಯದ ಕಾಲಿನಲ್ಲಿ ಈ ಏರುದಾರಿಯ ಹರಿವು ಮಂದವಾಗುತ್ತದೆ. 19ನೆಯ ಶತಮಾನದ ಮಧ್ಯಭಾಗದಲ್ಲಿ, ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಹೆಪ್ಪು ಅಲ್ಲಿಯೇ ಹುಟ್ಟಿದ್ದಲ್ಲ, ದೂರದ ಅಭಿಧಮನಿಯಿಂದ ಹರಿದು ಬಂದದ್ದು ಎಂದು ತೋರಿಸಿಕೊಟ್ಟವನು ಜರ್ಮನಿಯ ರೂಡಾಲ್ಫ್ ವಿರ್ಖೋವ್. ರಕ್ತದ ನಿಶ್ಚಲತೆ, ನಾಳಭಿತ್ತಿಗೆ ಆದ ಗಾಯ, ಹೆಪ್ಪುಗಟ್ಟುವ ಕಡೆಗೆ ರಕ್ತಕ್ಕೆ ಒದಗಿದ ಒಲವು ಎಂಬ ಮೂರು ಕಾರಣಗಳ ಕೂಟವನ್ನು ವೈದ್ಯವಿದ್ಯಾರ್ಥಿಗಳು ಇಂದಿಗೂ ಆತನ ಹೆಸರಿನಿಂದಲೇ ಕಂಠಪಾಠ ಮಾಡುತ್ತಾರೆ. ನಿಶ್ಚಲತೆಯೊಂದೇ ಎಷ್ಟು ಘಾತುಕವಾಗಬಲ್ಲುದೆಂಬುದಕ್ಕೆ 1940ರ ಲಂಡನ್ನಿನ ಅನುಭವವೇ ಸಾಕ್ಷಿ: ಬಾಂಬುದಾಳಿಯ ರಾತ್ರಿಗಳಲ್ಲಿ ಆಶ್ರಯಗೃಹಗಳ ಮಡಿಸುಕುರ್ಚಿಗಳ ಮೇಲೆ ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕುಳಿತವರಲ್ಲಿ ಕೆಲವರು, ಬಾಂಬಿಗೆ ಸಿಕ್ಕದೆ ಉಳಿದೂ ಶ್ವಾಸಕೋಶದ ಹೆಪ್ಪಿನಿಂದ ಸತ್ತದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯನು ಗುರುತಿಸಿ ಆ ವರ್ಷವೇ ಪ್ರಕಟಿಸಿದನು. ಲಂಡನ್ನಿನ ಆ ಕುರ್ಚಿಗೂ ನಮ್ಮ ಬಾಣಸಿಗನ ಬಸ್ಸಿನ ಆಸನಕ್ಕೂ ದೇಹದ ದೃಷ್ಟಿಯಿಂದ ಭೇದವೇನೂ ಇಲ್ಲ. ಶಸ್ತ್ರಚಿಕಿತ್ಸೆಯ ನಂತರ ಹಾಸಿಗೆ ಹಿಡಿದವರು, ಮೂಳೆ ಮುರಿದು ಕಾಲಿಗೆ ಗಾರೆಪಟ್ಟಿ ಕಟ್ಟಿಸಿಕೊಂಡವರು, ಕ್ಯಾನ್ಸರಿನಿಂದ ಬಳಲುವವರು, ಗರ್ಭಿಣಿಯರು, ಬಾಣಂತಿಯರು ಇವರೆಲ್ಲ ಈ ಅಪಾಯದ ನೆರಳಿನಲ್ಲಿರುವವರು.

3

ಆದರೆ ಬಾತ ಕಾಲೆಲ್ಲ ಹೆಪ್ಪಿನ ಕಾಲಲ್ಲ. ನಿದಾನದ ಕಾಠಿಣ್ಯವಿರುವುದು ಇಲ್ಲಿಯೇ. ಒಂದೇ ವೇಷ ತೊಟ್ಟು ಬೇರೆ ಬೇರೆ ಪಾತ್ರಗಳು ರಂಗಕ್ಕೆ ಬರುವಂತೆ, ಬಾವು, ಬಿಸಿ, ಕೆಂಪು, ನೋವು ಎಂಬ ಒಂದೇ ವೇಷದಲ್ಲಿ ಅನೇಕ ವ್ಯಾಧಿಗಳು ನಮ್ಮ ಮುಂದೆ ನಿಲ್ಲುತ್ತವೆ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಕುರ್ಲಾ, ಕಲೀನಾ, ಸಯನ್ನಿನ ಬೀದಿಗಳಲ್ಲಿ ಎದೆಮಟ್ಟದ ಕೊಳಕು ನೀರನ್ನು ಹಾಯ್ದು ಮನೆ ಸೇರಿದ್ದನ್ನು ಈ ಸಭೆಯಲ್ಲಿರುವ ಹಲವರು ಮರೆತಿರಲಾರರು. ಕಾಲ್ಬೆರಳ ಸಂದಿನ ಒಂದು ಸಣ್ಣ ಬಿರುಕು ಸಾಕು, ಅಂಥ ನೀರಿನ ಸೂಕ್ಷ್ಮಜೀವಿಗಳು ಚರ್ಮದ ಕೆಳಪದರಕ್ಕೆ ಇಳಿದು ಕಾಲನ್ನು ಕೆಂಪಗೆ ಊದಿಸುತ್ತವೆ. ಕೆಲವೊಮ್ಮೆ ಒಳಗೆ ಕೀವಿನ ಮಡು ಕಟ್ಟುತ್ತದೆ. ಸಂಧಿವಾತದಿಂದ ಸವೆದ ಮೊಣಕಾಲಿನ ಹಿಂಬದಿಯಲ್ಲಿ ದ್ರವ ತುಂಬಿದ ಚೀಲವೊಂದು ಬೆಳೆಯುವುದುಂಟು. 1877ರಲ್ಲಿ ಅದನ್ನು ವರ್ಣಿಸಿದ ಲಂಡನ್ನಿನ ಶಸ್ತ್ರವೈದ್ಯ ಬೇಕರನ ಹೆಸರೇ ಅದಕ್ಕೆ ನಿಂತಿದೆ. ಆ ಚೀಲ ಒಡೆದು ದ್ರವ ಮೀನಖಂಡಕ್ಕೆ ಇಳಿದಾಗ ಉಂಟಾಗುವ ಬಾವು, ಅನುಭವಿಗಳನ್ನೂ ಹೆಪ್ಪೆಂದು ನಂಬಿಸುವಷ್ಟು ಅದನ್ನು ಹೋಲುತ್ತದೆ. ಚಲಿಸುವ ಲೋಕಲ್ ರೈಲನ್ನು ಹಿಡಿಯಲು ಹಾರಿದವನ ಮೀನಖಂಡದ ಸ್ನಾಯು ಹರಿದು ಒಳಗೇ ರಕ್ತ ಸೋರುವುದು ಮತ್ತೊಂದು. ಹೃದಯವೋ ಮೂತ್ರಪಿಂಡವೋ ಸೋತಾಗ ಎರಡು ಕಾಲುಗಳೂ ಬಾಯುತ್ತವೆ. ಇನ್ನು ಆನೆಕಾಲು: ‘ಶ್ಲೀಪದ’ವೆಂಬ ಹೆಸರಿನಿಂದ ಅದನ್ನು ನಿರೂಪಿಸಿದ ಸುಶ್ರುತಸಂಹಿತೆಯು, ಹಳೆಯ ನೀರು ನಿಂತು ಸದಾ ತಂಪಾಗಿರುವ ನಾಡುಗಳಲ್ಲಿ ಅದು ವಿಶೇಷವಾಗಿ ಹುಟ್ಟುತ್ತದೆಂದು ಹೇಳಿ, ಸೊಳ್ಳೆಯ ಪಾತ್ರವನ್ನು ಪ್ಯಾಟ್ರಿಕ್ ಮ್ಯಾನ್ಸನನು 1877ರಲ್ಲಿ ಕಂಡುಹಿಡಿಯುವ ಶತಮಾನಗಳಿಗೆ ಮುಂಚೆಯೇ ರೋಗಕ್ಕೂ ನಿಂತ ನೀರಿಗೂ ಇರುವ ನಂಟನ್ನು ಗಮನಿಸಿತ್ತು.

ಈ ವ್ಯಾಧಿಗಳೆಲ್ಲದರ ಚಿಕಿತ್ಸೆ ಒಂದೇ ಆಗಿದ್ದಿದ್ದರೆ ನಿದಾನ ತಡವಾದರೂ ಅಷ್ಟು ಕೇಡಿರುತ್ತಿರಲಿಲ್ಲ. ವಾಸ್ತವದಲ್ಲಿ ಒಂದರ ಔಷಧ ಇನ್ನೊಂದಕ್ಕೆ ವಿಷ. ಆಳದ ನಾಳದ ಹೆಪ್ಪಿಗೆ ರಕ್ತದ ಘನೀಭವನವನ್ನು ತಡೆಯುವ ಔಷಧವನ್ನು ಒಡನೆಯೇ ಆರಂಭಿಸಿ ಸಾಮಾನ್ಯವಾಗಿ ಮೂರು ತಿಂಗಳಿಗೆ ಕಡಮೆಯಾಗದಂತೆ ಕೊಡಬೇಕು. ಅದೇ ಔಷಧವನ್ನು ಸ್ನಾಯು ಹರಿದವನಿಗೆ ಕೊಟ್ಟರೆ ಒಳಗಿನ ರಕ್ತಸ್ರಾವ ಉಲ್ಬಣಿಸುತ್ತದೆ. ಸೋಂಕಿಗೆ ಪ್ರತಿಜೀವಕ ಬೇಕು. ಕೀವಿಗೆ ಶಸ್ತ್ರವೇ ಬೇಕು. ಆನೆಕಾಲಿನಲ್ಲಾಗುವಂತೆ ದುಗ್ಧರಸನಾಳಗಳು ಕಟ್ಟಿ ಬಾತ ಕಾಲಿಗೆ ಬಲ್ಲವರ ಕೈಯ ಮೃದುವಾದ ನೀವಿಕೆ ಹಿತವಾದೀತು. ಅದೇ ನೀವಿಕೆ ಹೆಪ್ಪಿನ ಕಾಲಿಗೆ ಮೃತ್ಯುವಾದೀತು. ಆದ್ದರಿಂದಲೇ, ಕಾಲು ಬಾತಾಗ ಮೊದಲು ಅದರ ಹೆಸರನ್ನು ಅರಿಯಬೇಕು, ಆಮೇಲೆ ಅದನ್ನು ಮುಟ್ಟಬೇಕು ಎಂಬುದು ಈ ಉಪನ್ಯಾಸದ ಏಕೈಕ ಸೂತ್ರ.

ಹೆಸರನ್ನು ಅರಿಯಲು ಹಿಂದಿನವರಿಗೆ ಇದ್ದ ಸಾಧನಗಳು ದುರ್ಬಲವಾದವು. ಪಾದವನ್ನು ಮೇಲಕ್ಕೆ ಬಾಗಿಸಿದಾಗ ಮೀನಖಂಡ ನೊಂದರೆ ಹೆಪ್ಪಿದೆಯೆಂದು ಅಮೆರಿಕದ ಶಸ್ತ್ರವೈದ್ಯ ಹೋಮನ್ಸನ ಹೆಸರಿನ ಲಕ್ಷಣವೊಂದನ್ನು ನಮಗೆ ಕಲಿಸಿದ್ದರು. ಹೆಪ್ಪಿಲ್ಲದ ಕಾಲಿನಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ, ಹೆಪ್ಪಿರುವ ಕಾಲಿನಲ್ಲಿಯೂ ಕಾಣದೆ ಹೋಗುತ್ತದೆ. ಪಾದದ ನಾಳಕ್ಕೆ ಸೂಜಿ ಚುಚ್ಚಿ, ವರ್ಣದ್ರವವನ್ನು ಹಾಯಿಸಿ ಕ್ಷಕಿರಣದ ಚಿತ್ರ ತೆಗೆಯುವ ಪರೀಕ್ಷೆ ನಂಬತಕ್ಕದ್ದಾಗಿತ್ತು. ಆದರೆ ಬಾತ ಪಾದದಲ್ಲಿ ನಾಳವನ್ನು ಹುಡುಕುವುದೇ ಯಾತನೆ, ವೆಚ್ಚವೂ ಅಧಿಕ, ಗರ್ಭಿಣಿಯರಿಗೆ ಅದು ಸಲ್ಲದು.

4

ಈ ಕತ್ತಲೆಗೆ ಬೆಳಕು ಬಂದದ್ದು ಧ್ವನಿಯ ದಿಕ್ಕಿನಿಂದ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದವನ್ನು ಕೇಳಬಲ್ಲುದು, ಅದರಾಚೆಯದು ಶ್ರವಣಾತೀತ. 1880ರಲ್ಲಿ ಪ್ಯಾರಿಸಿನ ಕ್ಯೂರಿ ಸಹೋದರರು, ಕೆಲವು ಸ್ಫಟಿಕಗಳನ್ನು ಒತ್ತಿದಾಗ ಅವುಗಳ ಮೈಯಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡರು. ವಿದ್ಯುತ್ತು ಹಾಯಿಸಿದರೆ ಅದೇ ಸ್ಫಟಿಕ ಕಂಪಿಸುವುದೆಂಬುದೂ ಬೇಗನೆ ತಿಳಿದುಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಲಾಂಜವಿನ್ ಎಂಬ ಫ್ರೆಂಚ್ ವಿಜ್ಞಾನಿ, ಸಮುದ್ರದೊಳಗೆ ಅಡಗಿದ ಜಲಾಂತರ್ಗಾಮಿಗಳನ್ನು ಪ್ರತಿಧ್ವನಿಯಿಂದ ಪತ್ತೆಮಾಡಲು ಅಂಥ ಸ್ಫಟಿಕಗಳನ್ನು ಬಳಸಿದನು. ನಮ್ಮ ಕನ್ನಡನಾಡಿನ ನೆಲವೂ ಈ ಕಥೆಯಿಂದ ಹೊರಗುಳಿಯಲಿಲ್ಲ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸರ್ ಸಿ. ವಿ. ರಾಮನ್ನರೂ ಅವರ ಶಿಷ್ಯರಾದ ನಾಗೇಂದ್ರನಾಥರೂ, ಶ್ರವಣಾತೀತ ತರಂಗಗಳು ಹಾಯುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಚದುರುತ್ತದೆಂಬುದನ್ನು 1935 ಮತ್ತು 1936ರ ತಮ್ಮ ಪ್ರಬಂಧಗಳಲ್ಲಿ ವಿವರಿಸಿ, ಕಿವಿಗೆ ನಿಲುಕದ ಧ್ವನಿಯನ್ನು ಕಣ್ಣಿನಿಂದ ಅರಿಯುವ ಗಣಿತವನ್ನು ಲೋಕಕ್ಕೆ ಕೊಟ್ಟರು. ಅದು ಭೌತವಿಜ್ಞಾನದ ಸಾಧನೆ, ವೈದ್ಯದ್ದಲ್ಲ. ಆದರೂ ಕೇಳದ ಧ್ವನಿಯನ್ನು ನೋಡಬಹುದೆಂಬ ಭಾವನೆ ಬೆಂಗಳೂರಿನ ಪ್ರಯೋಗಶಾಲೆಗೆ ಅಂದೇ ಪರಿಚಿತವಾಗಿದ್ದಿತೆಂಬುದು ನಮಗೆ ಅಭಿಮಾನದ ಮಾತು. ಲೋಹದಲ್ಲಿರುವ ಬಿರುಕನ್ನು ಹುಡುಕುವ ಕಾರ್ಖಾನೆಯ ಯಂತ್ರದಿಂದ ಸ್ಫೂರ್ತಿ ಪಡೆದು ಅದನ್ನು ದೇಹದ ಮೇಲೆ ಪ್ರಯೋಗಿಸಿದವನು ಗ್ಲಾಸ್ಗೋ ನಗರದ ಸ್ತ್ರೀರೋಗವೈದ್ಯ ಇಯಾನ್ ಡೊನಾಲ್ಡ್. ಆತನ ಸುಪ್ರಸಿದ್ಧ ಪ್ರಬಂಧ 1958ರದು. ಚಲಿಸುವ ವಸ್ತುವಿನಿಂದ ಬರುವ ತರಂಗದ ಆವೃತ್ತಿ ವ್ಯತ್ಯಾಸಗೊಳ್ಳುವುದೆಂದು ವಿಜ್ಞಾನಿ ಡಾಪ್ಲರನು 1842ರಲ್ಲಿ ನಕ್ಷತ್ರಗಳ ಬೆಳಕನ್ನು ಕುರಿತು ಹೇಳಿದ ತತ್ತ್ವವೂ ಕಾಲಾಂತರದಲ್ಲಿ ಇದಕ್ಕೆ ಕೂಡಿಕೊಂಡು, ನಾಳದಲ್ಲಿ ರಕ್ತ ಹರಿಯುವ ದಿಕ್ಕನ್ನೂ ವೇಗವನ್ನೂ ಬಣ್ಣದಲ್ಲಿ ಕಾಣಿಸತೊಡಗಿತು.

5

ಇನ್ನು ಪರೀಕ್ಷೆಯ ಕ್ರಮ. ರೋಗಿಯನ್ನು ಮಲಗಿಸಿ, ತಲೆಯ ಕಡೆ ತುಸು ಎತ್ತರಿಸಿ, ಬಾತ ಕಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿಡುತ್ತಾರೆ. ಚರ್ಮಕ್ಕೂ ಯಂತ್ರದ ಮೂತಿಗೂ ನಡುವೆ ಗಾಳಿ ಉಳಿದರೆ ಧ್ವನಿ ಒಳಹೊಗದೆ ಅಲ್ಲಿಯೇ ಹಿಂತಿರುಗುವುದರಿಂದ, ಅಂಟುದ್ರವವನ್ನು ಸವರುತ್ತಾರೆ. ತೊಡೆಸಂದಿನಲ್ಲಿ ಆ ಮೂತಿಯನ್ನು ಅಡ್ಡಲಾಗಿ ಇಟ್ಟೊಡನೆ ಪರದೆಯ ಮೇಲೆ ಎರಡು ಕಪ್ಪು ವೃತ್ತಗಳು ಮೂಡುತ್ತವೆ. ಮಿಡಿಯುವ ವೃತ್ತ ಅಪಧಮನಿ. ಅದರ ಮಗ್ಗುಲಲ್ಲಿ ಸುಮ್ಮನಿರುವುದು ಅಭಿಧಮನಿ.

ಈ ಹಂತದಲ್ಲಿ, ನೋಡಿದ್ದಷ್ಟರಿಂದಲೇ ತೃಪ್ತನಾದ ವೈದ್ಯನು ಮೋಸಹೋಗುತ್ತಾನೆ. ಪಾತ್ರೆಯಲ್ಲಿರುವುದು ಹಾಲೋ ಹೆಪ್ಪಾದ ಮೊಸರೋ ಎಂಬುದು ಮೇಲಿನಿಂದ ನೋಡಿದವರಿಗೆ ತಿಳಿಯದು. ಎರಡೂ ಬೆಳ್ಳಗೆ, ಎರಡೂ ನಿಶ್ಚಲ. ತಿಳಿಯಬೇಕಾದರೆ ಪಾತ್ರೆಯನ್ನು ಬಾಗಿಸಿ ನೋಡಬೇಕು. ಹಾಗೆಯೇ ಹೊಸದಾಗಿ ಕಟ್ಟಿದ ಹೆಪ್ಪು ಹರಿಯುವ ರಕ್ತದಷ್ಟೇ ಕಪ್ಪಾಗಿ ಕಾಣಬಹುದು. ಅದಕ್ಕಾಗಿ ವೈದ್ಯನು ಯಂತ್ರದ ಮೂತಿಯಿಂದಲೇ ಮೆಲ್ಲಗೆ ಒತ್ತುತ್ತಾನೆ. ನಾಳ ನಿರ್ದುಷ್ಟವಾಗಿದ್ದರೆ ಅದರ ತೆಳುವಾದ ಗೋಡೆಗಳು ಆ ಹಗುರವಾದ ಒತ್ತಿಗೇ ಒಂದನ್ನೊಂದು ಕೂಡಿ, ವೃತ್ತವು ಕಣ್ಣು ಮುಚ್ಚಿದಂತೆ ಮಾಯವಾಗುತ್ತದೆ. ಕೈ ಸಡಿಲಿಸಿದೊಡನೆ ಮರಳಿ ತೆರೆಯುತ್ತದೆ. ಒಳಗೆ ಹೆಪ್ಪಿದ್ದರೆ ಎಷ್ಟಾದರೂ ಮುಚ್ಚುವುದಿಲ್ಲ. ತೊಡೆಸಂದಿನಿಂದ ಆರಂಭಿಸಿ ತೊಡೆಯ ಉದ್ದಕ್ಕೂ, ಅಲ್ಲಿಂದ ಮೊಣಕಾಲಿನ ಹಿಂಗುಳಿಗೂ ಸಾಗಿ, ಬೆರಳಗಲ ಬೆರಳಗಲ ಬಿಟ್ಟು ಒತ್ತುತ್ತ ಹೋಗುವುದೇ ಈ ಪರೀಕ್ಷೆ. ತುರ್ತಿನಲ್ಲಿ ತೊಡೆಸಂದು ಮತ್ತು ಮೊಣಕಾಲಿನ ಹಿಂಬದಿ ಎಂಬ ಎರಡು ನೆಲೆಗಳನ್ನಾದರೂ ನೋಡಲೇಬೇಕು. ಹೀಗೆ ಒತ್ತಿದರೆ ಹೆಪ್ಪು ಕಳಚಿಹೋಗದೆ ಎಂದು ತಾವು ಕೇಳಬಹುದು. ಈ ಒತ್ತು ಹಗುರ, ಕ್ಷಣಿಕ, ನೋಡುತ್ತ ಒತ್ತುವಂಥದು; ನಾಳ ಮುಚ್ಚದೆಂದು ಕಂಡೊಡನೆ ಬಲ್ಲವನು ಅಲ್ಲಿ ಮತ್ತೆ ಒತ್ತುವುದಿಲ್ಲ. ಎರಡು ರಾತ್ರಿ ಕಾಣದೆ ತಿಕ್ಕಿದ ಕೈಗೂ ಈ ಕೈಗೂ ಇರುವ ಅಂತರ ಅಜ್ಞಾನಕ್ಕೂ ಜ್ಞಾನಕ್ಕೂ ಇರುವ ಅಂತರ.

1989ರಲ್ಲಿ ನೆದರ್‌ಲ್ಯಾಂಡಿನ ಲೆನ್ಸಿಂಗ್ ಮತ್ತು ಸಂಗಡಿಗರು 220 ಮಂದಿ ಹೊರರೋಗಿಗಳಲ್ಲಿ ಈ ಒತ್ತುಪರೀಕ್ಷೆಯನ್ನೂ ವರ್ಣದ್ರವದ ಪರೀಕ್ಷೆಯನ್ನೂ ಜತೆಜತೆಯಾಗಿ ಮಾಡಿ ಹೋಲಿಸಿದರು. ಮೊಣಕಾಲು ಮತ್ತು ಅದರ ಮೇಲ್ಭಾಗದ ನಾಳಗಳಲ್ಲಿ ಹೆಪ್ಪಿದ್ದ 66 ಮಂದಿಯಲ್ಲಿ ಒಬ್ಬರನ್ನೂ ಬಿಡದೆ ಎಲ್ಲರನ್ನೂ ಈ ಸರಳ ವಿಧಾನ ಹಿಡಿದುಕೊಟ್ಟಿತು. ಹಾರ್ವೆಯು ತೋಳಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದ ಕ್ರಿಯೆಯೇ, ಮೂರೂವರೆ ಶತಮಾನಗಳ ತರುವಾಯ, ಧ್ವನಿಯ ಕಣ್ಣು ಪಡೆದು ಹೀಗೆ ಸಾರ್ಥಕವಾಯಿತು.

ಹೆಪ್ಪಿಲ್ಲವೆಂದು ಸಿದ್ಧವಾದರೂ ಯಂತ್ರದ ಕೆಲಸ ಮುಗಿಯುವುದಿಲ್ಲ. ಒಡೆದ ಬೇಕರನ ಚೀಲ ಮೊಣಕಾಲಿನ ಹಿಂದೆ ಒಳಮಗ್ಗುಲಿನ ಸ್ನಾಯುಗಳ ನಡುವಿನಿಂದ ಕೆಳಕ್ಕೆ ಇಳಿದ ಕಪ್ಪು ಗೆರೆಯಾಗಿ ತೋರುತ್ತದೆ. ಸೋಂಕಿನಿಂದ ಊದಿದ ಕೊಬ್ಬಿನ ಪದರ, ಉಂಡೆಕಲ್ಲು ಹಾಸಿದ ಹಳೆಯ ಬೀದಿಯಂತೆ, ದ್ರವದ ಗೆರೆಗಳಿಂದ ತುಂಡುತುಂಡಾಗಿ ಕಾಣುತ್ತದೆ. ಅದರಡಿಯಲ್ಲಿ ಕೀವಿನ ಮಡುವಿದ್ದರೆ ಒತ್ತಿದಾಗ ಅದು ಸುಳಿಯಾಡುತ್ತದೆ. ಹರಿದ ಸ್ನಾಯುವಿನ ಎಳೆಗಳ ನಡುವಿನ ರಕ್ತದ ಮಡುವೂ ಸ್ಪಷ್ಟ. ಬ್ರೆಜಿಲ್ ದೇಶದ ವೈದ್ಯರು 1994ರಲ್ಲಿ, ಪುರುಷರ ವೃಷಣಕೋಶದ ದುಗ್ಧರಸನಾಳಗಳಲ್ಲಿ ಆನೆಕಾಲಿನ ಹುಳುಗಳು ಜೀವಂತವಾಗಿ ಹೊರಳಾಡುವುದನ್ನು ಈ ಯಂತ್ರದಿಂದಲೇ ಕಂಡು, ಆ ಚಲನೆಗೆ ನರ್ತನವೆಂದು ಹೆಸರಿಟ್ಟರು. ನಾನು ಊಹೆಯಿಂದ ಬರೆದುಕೊಟ್ಟಿದ್ದ ರೋಗವನ್ನೂ ಹೀಗೆ ಪ್ರತ್ಯಕ್ಷ ಕಾಣುವ ಕಾಲ ಬಂದಿತು.

6

ಯಂತ್ರದ ಗುಣವನ್ನು ಹೇಳಿದ ನಾಲಗೆ ಅದರ ಮಿತಿಯನ್ನೂ ಹೇಳಬೇಕು. ಮೀನಖಂಡದೊಳಗಿನ ಸಣ್ಣ ನಾಳಗಳ ಹೆಪ್ಪು ಇದಕ್ಕೆ ತಪ್ಪಿಸಿಕೊಳ್ಳಬಹುದು. ಅದೇ 1989ರ ಅಧ್ಯಯನದಲ್ಲಿ ಮೀನಖಂಡದಲ್ಲಿ ಮಾತ್ರ ಹೆಪ್ಪಿದ್ದ 11 ಮಂದಿಯಲ್ಲಿ ನಾಲ್ವರು ಮಾತ್ರ ಇದಕ್ಕೆ ಸಿಕ್ಕಿದರು. ಅಂಥ ಹೆಪ್ಪು ಮೇಲಕ್ಕೆ ಬೆಳೆಯಬಹುದಾದ್ದರಿಂದ, ಶಂಕೆ ಬಲವಾಗಿದ್ದರೆ ಒಂದು ವಾರದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು. ಹೊಟ್ಟೆಯ ಆಳದಲ್ಲಿರುವ ನಾಳಗಳನ್ನು ಕರುಳಿನ ಗಾಳಿ ಮರೆಮಾಡುತ್ತದೆ. ಅಲ್ಲಿ ಒತ್ತಿ ನೋಡುವುದೂ ಸಾಧ್ಯವಿಲ್ಲ. ಸ್ಥೂಲಕಾಯರಲ್ಲಿ, ಬಹಳ ಬಾತ ಕಾಲಿನಲ್ಲಿ ಚಿತ್ರ ಮಸುಕಾಗುತ್ತದೆ.

ಆದ್ದರಿಂದ ಯಂತ್ರಕ್ಕೆ ಮುಂಚೆ ವಿಚಾರ ಬೇಕು. ಕೆನಡಾದ ವೆಲ್ಸ್ ಎಂಬ ವೈದ್ಯನೂ ಆತನ ಸಂಗಡಿಗರೂ 1997ರಲ್ಲಿ ಪ್ರಕಟಿಸಿದ ಅಂಕಪಟ್ಟಿ ಇಂಥ ವಿಚಾರಕ್ಕೆ ಕಟ್ಟಿದ ಅಚ್ಚುಕಟ್ಟಾದ ಚೌಕಟ್ಟು: ಕ್ಯಾನ್ಸರಿದೆಯೆ, ಹಾಸಿಗೆ ಹಿಡಿದಿದ್ದನೆ, ಇಡೀ ಕಾಲು ಬಾತಿದೆಯೆ, ಬೇರೆ ಯಾವುದಾದರೂ ಕಾರಣ ಅಷ್ಟೇ ಸಂಭಾವ್ಯವೆ ಎಂದು ಕೇಳುತ್ತ ಹೋಗಿ, ಒಂದು ಮೀನಖಂಡ ಇನ್ನೊಂದಕ್ಕಿಂತ ಮೂರು ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಾಗಿದೆಯೆ ಎಂದು ಅಳೆದು ನೋಡುವ ಈ ವಿಧಾನಕ್ಕೆ ಬೇಕಾದ ಉಪಕರಣವೆಂದರೆ ದರ್ಜಿಯ ಅಳತೆಪಟ್ಟಿ ಒಂದೇ. ಅಪಾಯ ಅಲ್ಪವೆಂದು ಕಂಡವರಲ್ಲಿ ‘ಡಿ-ಡೈಮರ್’ ಎಂಬ ರಕ್ತಪರೀಕ್ಷೆ ಸಹಜವಾಗಿ ಬಂದರೆ ಹೆಪ್ಪಿಲ್ಲವೆಂದು ನೆಮ್ಮದಿ ಹೊಂದಬಹುದು. ರೋಗಿಯ ಮಾತನ್ನು ಆಲಿಸುವ ಕಿವಿ, ಎರಡು ಕಾಲನ್ನೂ ಹೋಲಿಸಿ ನೋಡುವ ಕಣ್ಣು, ಅಳತೆಪಟ್ಟಿ, ಆಮೇಲೆ ಧ್ವನಿಯ ಯಂತ್ರ, ಇದು ನಿದಾನದ ಸೋಪಾನಕ್ರಮ. ಅಂದು ನನ್ನ ಊರಿನಲ್ಲಿ ಯಂತ್ರ ಸುಲಭವಾಗಿ ದೊರೆಯುತ್ತಿರಲಿಲ್ಲ, ನಿಜ. ಕಿವಿಯೂ ಕಣ್ಣೂ ಅಳತೆಪಟ್ಟಿಯೂ ನನ್ನ ಬಳಿಯಲ್ಲಿಯೇ ಇದ್ದವು. ಒಂದು ಹಗಲು ಒಂದು ಇರುಳಿನ ಬಸ್ಸಿನ ಪ್ರಯಾಣದ ಮಾತನ್ನು ಆ ಬಾಣಸಿಗನು ಹೇಳಿಯೂ ಇದ್ದನು.

7

ಈ ಯಂತ್ರಕ್ಕೂ ನಮ್ಮ ರಾಜ್ಯದ ಕಾನೂನಿಗೂ ಇರುವ ಸಂಬಂಧವನ್ನು ಹೇಳದೆ ಮುಂಬಯಿಯಲ್ಲಿ ಇದನ್ನು ಕುರಿತು ಮಾತು ಮುಗಿಸುವಂತಿಲ್ಲ. ಗರ್ಭದ ಕ್ಷೇಮವನ್ನು ಅರಿಯಲು ಹುಟ್ಟಿದ ಈ ಕಣ್ಣು, ಗರ್ಭದಲ್ಲಿರುವುದು ಹೆಣ್ಣೆಂದು ಅರಿತು ಅದನ್ನು ಅಳಿಸುವ ಕ್ರೌರ್ಯಕ್ಕೆ ಬಳಕೆಯಾಯಿತು. ಅದರ ವಿರುದ್ಧ ಮುಂಬಯಿಯ ಸ್ತ್ರೀಸಂಘಟನೆಗಳೂ ವೈದ್ಯರೂ ನಡೆಸಿದ ಹೋರಾಟದ ಫಲವಾಗಿ ಮಹಾರಾಷ್ಟ್ರವು ಇಡೀ ದೇಶಕ್ಕೆ ಮೊದಲಾಗಿ 1988ರಲ್ಲಿ ಶಾಸನ ಮಾಡಿತು. ಕೇಂದ್ರದ ಶಾಸನ 1994ರಲ್ಲಿ ಅಂಗೀಕೃತವಾಗಿ 1996ರ ಜನವರಿ 1ರಿಂದ ಜಾರಿಗೆ ಬಂದಿತು. ಅದು ಕಾಗದದಲ್ಲಿಯೇ ಉಳಿದಿದೆಯೆಂದು ಮುಂಬಯಿಯ ಸೇಹತ್ ಸಂಸ್ಥೆ, ಪುಣೆಯ ಮಾಸೂಮ್ ಸಂಸ್ಥೆ ಹಾಗೂ ಹೋರಾಟಗಾರ ಸಾಬು ಜಾರ್ಜ್ ಅವರು 2000ದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2003ರಲ್ಲಿ ತಿದ್ದುಪಡಿಗಳು ಬಂದವು. ಇಂದು ಪ್ರತಿಯೊಂದು ಯಂತ್ರವೂ ನೋಂದಾಯಿತ. ಅದನ್ನು ನೋಂದಾಯಿತ ಸ್ಥಳದಿಂದ ಹೊರಗೆ ಒಯ್ಯುವುದಕ್ಕೆ ಕಠಿಣವಾದ ನಿರ್ಬಂಧ. ಕಾಲನ್ನಷ್ಟೇ ನೋಡುವ ವೈದ್ಯನೂ ಕಿಸೆಯಲ್ಲಿ ಹಿಡಿಸುವ ಚಿಕ್ಕ ಯಂತ್ರವನ್ನು ಕಾರ್ಮಿಕರ ಕೋಣೆಗೆ ತನ್ನಿಷ್ಟದಂತೆ ಕೊಂಡುಹೋಗಲಾರನು.

ಈ ನಿರ್ಬಂಧವನ್ನು ಸಡಿಲಿಸಬೇಕೆಂದು ನನ್ನ ವೃತ್ತಿಬಾಂಧವರಲ್ಲಿ ಕೆಲವರು ವಾದಿಸುತ್ತಾರೆ. ಅವರ ಕಷ್ಟವನ್ನು ನಾನು ಬಲ್ಲೆ. ಆದರೆ ಹುಟ್ಟಲಿದ್ದ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಈ ಬೇಲಿಯನ್ನು ಕೀಳುವ ಮಾತಿಗೆ ನನ್ನ ಸಮ್ಮತಿಯಿಲ್ಲ. ಯಂತ್ರ ಕೋಣೆಗೆ ಹೋಗಲಾರದಾದರೆ ಕಾಲು ಯಂತ್ರದ ಬಳಿಗೆ ಬರಬೇಕು, ಅದೂ ಅದೇ ದಿನ ಬರಬೇಕು. ಪರಳದ ಕೆ.ಇ.ಎಂ., ಸಯನ್ನಿನ ಲೋಕಮಾನ್ಯ ಟಿಳಕ, ಮುಂಬಯಿ ಸೆಂಟ್ರಲ್ಲಿನ ನಾಯರ್ ಮೊದಲಾದ ನಗರಪಾಲಿಕೆಯ ಮಹಾಸ್ಪತ್ರೆಗಳು ಇರುವುದು ಇಂಥ ಬಡವರಿಗಾಗಿಯೇ. ಬೇಕಾಗಿರುವುದು, ಇದು ಕಾಯುವ ರೋಗವಲ್ಲವೆಂಬ ಅರಿವು ಮತ್ತು ಕರೆತರುವ ಒಬ್ಬ ಸಂಗಾತಿ.

ಹೆಣ್ಣಿನ ಮಾತು ಬಂದುದರಿಂದ ಬಾಣಂತಿಯರನ್ನು ಕುರಿತು ಎರಡು ಮಾತು. ಎಡಗಾಲಿನ ರಕ್ತವನ್ನು ಒಯ್ಯುವ ನಾಳವು ಕಿಬ್ಬೊಟ್ಟೆಯಲ್ಲಿ ಬಲಗಾಲಿನ ಅಪಧಮನಿಯ ಅಡಿಯಲ್ಲಿ ಹಾಯುವುದರಿಂದ ಅಲ್ಲಿ ಅದು ಸಹಜವಾಗಿಯೇ ಒತ್ತಲ್ಪಡುತ್ತದೆ. ಬಸಿರಿನ ಭಾರ ಸೇರಿದಾಗ ಒತ್ತಡ ಇಮ್ಮಡಿಸುತ್ತದೆ. ಗರ್ಭಿಣಿಯರ, ಬಾಣಂತಿಯರ ಹೆಪ್ಪು ಬಹುಪಾಲು ಎಡಗಾಲಿನಲ್ಲಿಯೇ ಕಾಣುವುದು ಇದರಿಂದ. ಹೆರಿಗೆಯ ನಂತರ ಕಾಲು ಬಿಳಿಚಿ ಬಾತರೆ ಎದೆಯ ಹಾಲು ಕಾಲಿಗೆ ಇಳಿದಿದೆಯೆಂದು ಯೂರೋಪಿನವರು ಹಿಂದೆ ನಂಬಿದ್ದರು. ನಮ್ಮಲ್ಲಿ ಬಾಣಂತಿಯನ್ನು ಕದಲಗೊಡದೆ ಮಲಗಿಸಿ, ಕುಡಿಯುವ ನೀರಿಗೂ ಮಿತಿಯಿಟ್ಟು, ಎಣ್ಣೆ ಹಚ್ಚಿ ತಿಕ್ಕುವ ಮನೆಗಳು ಈ ನಗರದಲ್ಲಿಯೂ ಇವೆ. ಆ ಉಪಚಾರದ ಹಿಂದಿರುವ ವಾತ್ಸಲ್ಯಕ್ಕೆ ನಮಸ್ಕರಿಸಿಯೇ ಹೇಳುತ್ತೇನೆ: ಬಾಣಂತಿ ನೀರು ಕುಡಿಯಲಿ, ಮನೆಯೊಳಗೆ ನಡೆದಾಡಲಿ, ಒಂದು ಕಾಲು ಮಾತ್ರ ಬಾತರೆ ಅದನ್ನು ತಿಕ್ಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ಯಂತ್ರ ಗರ್ಭದ ಹೆಣ್ಣಿಗೆ ಶತ್ರುವಾಗದಂತೆ ಕಾನೂನು ಕಾವಲಿದೆಯೋ, ಆ ಯಂತ್ರವೇ ಹೆತ್ತ ಹೆಣ್ಣಿನ ಕಾಲನ್ನು ನೋಡಿ ಅವಳ ಜೀವವನ್ನು ಉಳಿಸಲಿ.

8

ಇಷ್ಟನ್ನು ಆಲಿಸಿದ ತಮ್ಮಲ್ಲಿ ನನ್ನದೊಂದು ಬಿನ್ನಹವಿದೆ. ಈ ಸಭೆಯಲ್ಲಿ ಹೋಟೆಲಿನ ಒಡೆಯರಿದ್ದಾರೆ, ಸಂಘಗಳ ಪದಾಧಿಕಾರಿಗಳಿದ್ದಾರೆ, ಉಪಾಧ್ಯಾಯರಿದ್ದಾರೆ. ನಿಂತು ದುಡಿಯುವವನಿಗೆ ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯುವ, ಐದು ನಿಮಿಷ ಕಾಲು ಎತ್ತಿಟ್ಟು ಕೂರುವ ಅವಕಾಶವಿರಲಿ. ಊರಿಗೆ ಹೋಗಿಬರುವವನು ದಾರಿಯಲ್ಲಿ ಬಸ್ಸು ನಿಂತಲ್ಲೆಲ್ಲ ಇಳಿದು ನಡೆಯಲಿ, ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಲಿ, ನೀರು ಕುಡಿಯಲಿ. ಒಂದು ಕಾಲು ಇದ್ದಕ್ಕಿದ್ದಂತೆ ಬಾತು ನೊಂದರೆ ಅದೇ ದಿನ ರಜೆ ದೊರೆಯಲಿ. ಅದರೊಡನೆ ಉಸಿರುಗಟ್ಟಿದರೆ, ಎದೆ ನೊಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಒಂದು ಕ್ಷಣವೂ ತಡಮಾಡದೆ ವಾಹನ ದೊರೆಯಲಿ.

ಎಲ್ಲಕ್ಕಿಂತ ಮಿಗಿಲಾಗಿ, ಇಂದಿಗೂ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುವ ನಮ್ಮ ಹುಡುಗರಿಗೆ ಈ ಮಾತು ತಲುಪಲಿ. ಊರು ಬಿಟ್ಟು ಬಂದವನಿಗೆ ಪಕ್ಕದ ಚಾಪೆಯವನೇ ತಾಯಿ, ಅವನೇ ಅಣ್ಣ. ಜತೆಗಾರನು ನರಳಿದಾಗ ಎಣ್ಣೆಯ ಬಟ್ಟಲನ್ನು ಬೆಚ್ಚಗೆ ಮಾಡಲು ಏಳುವ ಆ ಕೈ ನಮ್ಮ ಸಮಾಜದ ಅತ್ಯಂತ ಶ್ರೇಷ್ಠವಾದ ಆಸ್ತಿ. ಆ ಬಾಣಸಿಗನ ಗೆಳೆಯರಿಬ್ಬರು ಮರುದಿನ ನನ್ನ ಬಾಗಿಲಿಗೆ ಬಂದು, ತಾವು ತಿಕ್ಕಿದ್ದರಿಂದಲೇ ಹೀಗಾಯಿತೆ ಎಂದು ಕೇಳಿದ್ದರು; ಅಂದು ನಾನು ಉತ್ತರ ಕೊಡಲಾರದೆ ಹೋದೆನು. ನಲವತ್ತು ವರ್ಷ ತಡವಾಗಿ, ಅವರಂಥ ಎಲ್ಲರಿಗೂ ಕೊಡುವ ಉತ್ತರವಿದು: ಎಣ್ಣೆಯ ಬಟ್ಟಲನ್ನು ಕೆಳಗಿಡಿ, ಅವನ ತೋಳನ್ನು ನಿಮ್ಮ ಹೆಗಲ ಮೇಲೆ ಹಾಕಿಕೊಳ್ಳಿ, ಈ ಹೊತ್ತಿಗೇ ಆಸ್ಪತ್ರೆಗೆ ಹೊರಡಿ.